ಮನೆಯಲ್ಲೇ ಕಲಿಸಿದ್ದರಿಂದ ನಮಗೆ ಕಂಡದ್ದು

ಮಗಳನ್ನು ಶಾಲೆ ಬಿಡಿಸುವಾಗ ನಮ್ಮ ತಲೆಯಲ್ಲಿ ಯಾವ ದೊಡ್ಡ ಸಿದ್ಧಾಂತವೂ ಇರಲಿಲ್ಲ. ಶಾಲೆ ಕೆಟ್ಟದು ಅಂತಲೂ ಅನ್ನಿಸಿರಲಿಲ್ಲ. ಅವಳ ಟೀಚರ್ ಒಳ್ಳೆಯವರೇ. ಆದರೆ ತುಂಬಿದ ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಹುಡುಗಿ ಅವಳು. ಗಲಾಟೆ ಮಾಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಹೋಮ್‌ವರ್ಕ್ ತಪ್ಪಿಸುವುದಿಲ್ಲ. ಇಂಥ ಮಕ್ಕಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಪ್ರಗತಿ ಪತ್ರದಲ್ಲಿ ಪ್ರತಿ ಸಲ ಒಂದೇ ಮಾತು: ‘ಚೆನ್ನಾಗಿದೆ, ಇನ್ನೂ ಗಮನ ಕೊಡಬೇಕು.’ ಯಾವುದಕ್ಕೆ ಗಮನ ಕೊಡಬೇಕು ಅಂತ ಅಲ್ಲಿ ಬರೆದಿರುತ್ತಿರಲಿಲ್ಲ. ಅವಳನ್ನು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ನಾಲ್ಕನೇ ತರಗತಿ ಮುಗಿಯುವ ಹೊತ್ತಿಗೆ ಭಾನುವಾರ ಸಂಜೆಯಾದರೆ ಹೊಟ್ಟೆನೋವು ಬರತೊಡಗಿತು. ಡಾಕ್ಟರಿಗೆ ತೋರಿಸಿದೆವು. ಏನೂ ತೊಂದರೆ ಇಲ್ಲ ಅಂದರು. ರಜೆಯಲ್ಲಿ ನೋವು ತಾನಾಗಿ ಮಾಯ. ನಾನೂ ನನ್ನ ಹೆಂಡತಿಯೂ ಹಲವು ರಾತ್ರಿ ಕೂತು ಮಾತಾಡಿದೆವು. ಒಂದು ವರ್ಷ ಮನೆಯಲ್ಲೇ ಕಲಿಸಿ ನೋಡೋಣ, ಆಗದಿದ್ದರೆ ವಾಪಸ್ ಸೇರಿಸೋಣ ಅಂತ ತೀರ್ಮಾನವಾಯಿತು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಅವಳ ತಮ್ಮನಂತೂ ಶಾಲೆಯ ಮೆಟ್ಟಿಲೇ ಹತ್ತಿಲ್ಲ.

ಮೊದಲು ನೋಡಿಕೊಂಡದ್ದು ಕಾನೂನು. ಎಷ್ಟೋ ಮಂದಿ ಇದನ್ನು ಕೊನೆಗೆ ನೋಡುತ್ತಾರೆ. ಇದರಲ್ಲಿ ದೇಶದಿಂದ ದೇಶಕ್ಕೆ ಅಜಗಜಾಂತರ. ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು. ತೀರಾ ಅಪರೂಪಕ್ಕೆ ಬಿಟ್ಟರೆ ಮನೆಯಲ್ಲೇ ಕಲಿಸುವುದಕ್ಕೆ, ಅಂದರೆ ಹೋಮ್‌ಸ್ಕೂಲಿಂಗ್‌ಗೆ ಅವಕಾಶ ಇಲ್ಲ. ಅಲ್ಲಿನ ಒಂದು ಕುಟುಂಬ ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಯಿತು. 2019ರಲ್ಲಿ ತೀರ್ಪು ಸರ್ಕಾರದ ಪರ ಬಂತು. ಅಮೆರಿಕದಲ್ಲಿ 1993ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಇದು ಕಾನೂನುಬದ್ಧವಾಗಿತ್ತು. ನಿಯಮ ಮಾತ್ರ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಫಿನ್ಲೆಂಡಿನಲ್ಲಿ ಕಡ್ಡಾಯ ಇರುವುದು ಕಲಿಕೆ, ಶಾಲೆಯ ಹಾಜರಿ ಅಲ್ಲ. ಫ್ರಾನ್ಸಿನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರಿಂದ ಮುಂಚೆಯೇ ಅನುಮತಿ ಪಡೆಯಬೇಕು. ಹಾಗಾಗಿ ‘ಅವರು ಮಾಡಿದ್ದಾರೆ, ನಾವೂ ಮಾಡೋಣ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾವಿರುವ ಕಡೆಯ ನಿಯಮ ಓದಿ, ಶಾಲೆಯಿಂದ ವರ್ಗಾವಣೆ ಪತ್ರ ತೆಗೆದುಕೊಂಡು, ಅದರ ನಕಲುಗಳನ್ನು ಒಂದು ಫೈಲಿಗೆ ಹಾಕಿಟ್ಟೆವು.

ಆಮೇಲಿನ ಕೆಲವು ತಿಂಗಳು ಏನೂ ಆಗಲಿಲ್ಲ. ನಿಜವಾಗಿಯೂ ಏನೂ ಇಲ್ಲ. ಮಗಳು ತಡವಾಗಿ ಏಳುತ್ತಿದ್ದಳು, ಹಳೆಯ ಕಾಮಿಕ್ಸ್‌ಗಳನ್ನು ತಿರುಗಿ ತಿರುಗಿ ಓದುತ್ತಿದ್ದಳು, ತಮ್ಮನ ಜೊತೆ ಇಟ್ಟಿಗೆಯಾಟ ಆಡುತ್ತಿದ್ದಳು. ನಾನು ಪುಸ್ತಕ ತೆಗೆದರೆ ಮುಖ ಸಪ್ಪೆ. ಹೋಮ್‌ಸ್ಕೂಲಿಂಗ್ ಮಾಡುವವರು ಇದಕ್ಕೆ ಡಿಸ್ಕೂಲಿಂಗ್ ಅನ್ನುತ್ತಾರೆ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳಾದರೂ ಬಿಡುವು ಕೊಡಿ ಅನ್ನುವುದು ಅವರ ರೂಢಿಯ ಮಾತು. ಇದು ಸಂಶೋಧನೆಯಿಂದ ಬಂದ ಲೆಕ್ಕ ಅಲ್ಲ, ಅನುಭವಸ್ಥರು ಹೇಳುವ ಅಂದಾಜು. ನಮಗೆ ಹೆಚ್ಚೂಕಮ್ಮಿ ಸರಿಹೋಯಿತು. ಆದರೆ ಆ ದಿನಗಳಲ್ಲಿ ನನ್ನ ಅಮ್ಮ ನಮ್ಮನ್ನು ನೋಡುತ್ತಿದ್ದ ನೋಟ ಇತ್ತಲ್ಲ! ಬಾಯಿ ಬಿಟ್ಟು ಒಮ್ಮೆ ಕೇಳಿಯೇಬಿಟ್ಟರು: ‘ಅಲ್ಲ ಕಣೋ, ಮಗು ಸುಮ್ನೆ ಕೂತಿದೆ. ಇದಕ್ಕಾ ಶಾಲೆ ಬಿಡಿಸಿದ್ದು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರದ ಹೊಟ್ಟೆನೋವು ನಿಂತಿದೆಯಲ್ಲ ಅಂದೆ. ಅಮ್ಮ ಅರೆಮನಸ್ಸಿನಿಂದ ತಲೆಯಾಡಿಸಿದರು.

ಕಲಿಕೆ ಶುರುವಾದದ್ದು ಭಿನ್ನರಾಶಿಯಿಂದ. ಅವಳ ಹಳೆಯ ನೋಟ್‌ಬುಕ್ಕಿನಲ್ಲಿ ಆ ಲೆಕ್ಕಗಳಿಗೆಲ್ಲ ಸರಿ ಗುರುತು ಬಿದ್ದಿತ್ತು. ಛೇದ ಒಂದೇ ಇದ್ದರೆ ಮೇಲಿನ ಅಂಕಿಗಳನ್ನು ಕೂಡು, ಕೆಳಗಿನದನ್ನು ಹಾಗೇ ಬರಿ. ಇದನ್ನು ಚಾಚೂ ತಪ್ಪದೆ ಮಾಡಿದ್ದಳು. ಒಂದು ದಿನ ಸುಮ್ನೆ ಕೇಳಿದೆ.

‘ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ, ಪುಟ್ಟಿ?’

‘ನಾಲ್ಕನೇ ಒಂದು.’

‘ಹೇಗೆ?’

‘ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಪ್ಪಾ?’

ಎಲ್ಲ ಉತ್ತರವೂ ಸರಿ, ಆದರೆ ಭಿನ್ನರಾಶಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಇನ್ನಷ್ಟು ಕೆದಕಿದಾಗ ತೊಡಕು ಅದಕ್ಕಿಂತ ಹಿಂದೆ ಇದೆ ಅಂತ ತಿಳಿಯಿತು. ಭಾಗಾಕಾರ ಅಂದರೆ ಅವಳಿಗೆ ಗೆರೆ ಎಳೆದು ಮಾಡುವ ಒಂದು ಕ್ರಿಯೆ. ಸಮನಾಗಿ ಹಂಚುವುದಕ್ಕೂ ಅದಕ್ಕೂ ನಂಟು ಇದೆ ಅಂತ ಹೊಳೆದೇ ಇರಲಿಲ್ಲ. 12ನ್ನು 5 ಮಂದಿಗೆ ಹಂಚಿದ ಮೇಲೆ ಉಳಿದ 2 ಏನಾಗಬೇಕು ಅಂದರೆ ‘ಶೇಷ ಅಂತ ಬರೀಬೇಕು’ ಅನ್ನುತ್ತಿದ್ದಳು. ಆ ಎರಡನ್ನೂ ಚೂರು ಮಾಡಿ ಹಂಚಬಹುದು ಅನ್ನುವುದು ಅವಳಿಗೆ ಹೊಸ ಸುದ್ದಿ.

ಪುಸ್ತಕ ಮುಚ್ಚಿಟ್ಟೆವು. ಕಾಗದದ ಉದ್ದ ಪಟ್ಟಿಗಳನ್ನು ಕತ್ತರಿಸಿಕೊಂಡೆವು. ಅರ್ಧಕ್ಕೆ ಮಡಿಸು, ಮತ್ತೆ ಅರ್ಧಕ್ಕೆ ಮಡಿಸು, ಮತ್ತೊಮ್ಮೆ. ಎರಡು, ನಾಲ್ಕು, ಎಂಟು ಸುಲಭ. ಮೂರಕ್ಕೆ ಸಮನಾಗಿ ಮಡಿಸುವುದು ಎಷ್ಟು ಕಷ್ಟ ಅಂತ ನನಗೂ ಆಗಲೇ ಗೊತ್ತಾದದ್ದು. ನೀವೂ ಒಮ್ಮೆ ಮಾಡಿ ನೋಡಿ. ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡುತ್ತಾ ನೋಡುತ್ತಾ ಅವಳೇ ಹೇಳಿದಳು: ‘ಕೆಳಗಿನ ಅಂಕಿ ದೊಡ್ಡದಾದಷ್ಟೂ ಚೂರು ಚಿಕ್ಕದಾಗತ್ತೆ.’ ಆಮೇಲೆ ಗೋಡೆಗೆ ಒಂದು ದಾರ ಕಟ್ಟಿ, ಒಂದು ತುದಿ 0, ಇನ್ನೊಂದು 1 ಮಾಡಿ, ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸುವ ಆಟ ಶುರುವಾಯಿತು. ಎಂಟನೇ ಮೂರು ಎಲ್ಲಿ ಬರಬೇಕು ಅಂತ ಅಕ್ಕ ತಮ್ಮ ಜಗಳವಾಡಿದ್ದೂ ಉಂಟು. ತಮ್ಮನಿಗೆ ಆಗ ನೂರರ ತನಕ ಎಣಿಸಲೂ ಸರಿಯಾಗಿ ಬರುತ್ತಿರಲಿಲ್ಲ, ಜಗಳಕ್ಕೆ ಅದು ಅಡ್ಡಿಯಾಗಲಿಲ್ಲ.

ಇದಕ್ಕೇ ವಾರಗಟ್ಟಲೆ ಹೋಯಿತು. ಯಾವ ಶಾಲೆಯಲ್ಲೂ ಇಷ್ಟು ಸಮಯ ಕೊಡಲು ಆಗುವುದಿಲ್ಲ. ಮುಂದಿನ ಪಾಠ ಕಾಯುತ್ತಿರುತ್ತದೆ, ಪರೀಕ್ಷೆಯ ತಾರೀಖು ಗೊತ್ತಾಗಿರುತ್ತದೆ. ಟೀಚರ್ ಒಂದು ಮಗುವಿಗಾಗಿ ನಿಂತರೆ ಉಳಿದವರೆಲ್ಲ ನಿಲ್ಲಬೇಕು. ಮನೆಯಲ್ಲಿ ನಿಲ್ಲಬಹುದು. ಬುಡ ಗಟ್ಟಿಯಾದ ಮೇಲೆ ದಶಮಾಂಶ, ಶೇಕಡ ಎಲ್ಲ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಬೇಗ ಮುಗಿದವು. ನಿಧಾನ ಮಾಡಿದ್ದರಿಂದಲೇ ವೇಗ ಸಿಕ್ಕಿತು.

ಹೋಮ್‌ಸ್ಕೂಲಿಂಗ್‌ನ ಲಾಭ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕಣ್ಣಿಗೆ ಕಾಣುತ್ತದೆ, ಅಲ್ಲೇ ನಿಲ್ಲಲು ಸಮಯವೂ ಇರುತ್ತದೆ. ಉಳಿದದ್ದೆಲ್ಲ ಆಮೇಲೆ. ಒಂದೇ ಮಗುವಿನ ಜೊತೆ ಕೂತು ಕಲಿಸುವುದರ ಬಲ ಹೊಸ ವಿಷಯವೇನಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರತ್ಯೇಕವಾಗಿ ಕಲಿಸಿ, ಒಂದು ಹಂತ ಪೂರ್ತಿ ಬಂದ ಮೇಲೆಯೇ ಮುಂದಕ್ಕೆ ಹೋದರೆ, ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ 98% ಮಕ್ಕಳನ್ನು ಮೀರಿಸುತ್ತಾನೆ ಅಂತ ಅದರಲ್ಲಿತ್ತು. ಆಮೇಲೆ ನಡೆದ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂತರ ಸಿಕ್ಕಿಲ್ಲ. ಆದರೆ ಒಬ್ಬರ ಜೊತೆ ಕೂತು ಕಲಿಸಿದರೆ ಉಪಯೋಗ ಇದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಇನ್ನು ದಿನಚರಿ. ದಿನಕ್ಕೆ ಎಷ್ಟು ಗಂಟೆ ಓದಿಸ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಮೊದಮೊದಲು ಕೂತು ಕಲಿಯುವುದು ಎರಡು ಗಂಟೆ ದಾಟುತ್ತಿರಲಿಲ್ಲ. ಈಗ ಮಗಳು ದೊಡ್ಡವಳಾಗಿದ್ದಾಳೆ, ಸ್ವಲ್ಪ ಜಾಸ್ತಿ. ಕೇಳಿದವರಿಗೆ ಇದು ಸೋಮಾರಿತನ ಅನ್ನಿಸುತ್ತದೆ. ಆದರೆ ಶಾಲೆಯ ದಿನದಲ್ಲಿ ಹಾಜರಿ, ಸಾಲು, ತರಗತಿ ಬದಲಾಯಿಸುವುದು, ಬೋರ್ಡಿನಿಂದ ನಕಲು ಮಾಡುವುದು, ಉಳಿದವರು ಮುಗಿಸುವ ತನಕ ಕಾಯುವುದು ಎಲ್ಲ ಕಳೆಯಿರಿ. ಬಸ್ಸಿನ ಸಮಯವನ್ನೂ ಕಳೆಯಿರಿ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ನೂರು ವರ್ಷದ ಹಿಂದೆಯೇ ಸಣ್ಣ ಮಕ್ಕಳಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷದ ಪಾಠ ಸಾಕು ಅಂದಿದ್ದರು. ಅವರ ಇನ್ನೊಂದು ವಿಧಾನ ನಮಗೆ ತುಂಬ ಒಗ್ಗಿತು. ಒಂದೇ ಸಲ ಓದು, ಪುಸ್ತಕ ಮುಚ್ಚು, ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು. ಎರಡನೇ ಸಲ ಓದುವ ಹಾಗಿಲ್ಲ. ಮಗಳು ಮೊದಲು ತಡವರಿಸುತ್ತಿದ್ದಳು. ಹೇಳಬೇಕು ಅಂತ ಗೊತ್ತಾದ ಮೇಲೆ ಓದುವ ರೀತಿಯೇ ಬದಲಾಯಿತು. ಪರೀಕ್ಷೆ ಇಲ್ಲದೆ ಏನು ಅರ್ಥವಾಗಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮರೆವಿಗೂ ಒಂದು ಉಪಾಯ ಮಾಡಿಕೊಂಡೆವು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ದರು. ಒಮ್ಮೆಲೇ ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಉಳಿಯುತ್ತದೆ. ಮಗ್ಗಿ, ಇಂಗ್ಲಿಷ್ ಸ್ಪೆಲ್ಲಿಂಗ್‌ಗಳನ್ನು ಸಣ್ಣ ಕಾರ್ಡುಗಳಲ್ಲಿ ಬರೆದು ಡಬ್ಬಿಯಲ್ಲಿಟ್ಟೆವು. ಗೊತ್ತಿರುವ ಕಾರ್ಡು ಹಿಂದಿನ ಖಾನೆಗೆ ಹೋಗುತ್ತದೆ, ಗೊತ್ತಿಲ್ಲದ್ದು ನಾಳೆ ಮತ್ತೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ, ಅಷ್ಟೇ.

ಉಳಿದ ಸಮಯದಲ್ಲಿ ಏನು ಮಾಡುತ್ತಾರೆ? ಎಷ್ಟೋ ದಿನ ಆಟ. ಎಷ್ಟೋ ದಿನ ಬೋರು. ಬೋರಾಗುತ್ತದೆ ಅಂತ ಬಂದು ನಿಂತರೆ ನಾವು ಏನೂ ಕೊಡುವುದಿಲ್ಲ. ಮಗಳು ಹೀಗೆ ಬೋರಾಗಿಯೇ ಚಂದ್ರನ ಹಿಂದೆ ಬಿದ್ದಳು. ನಿನ್ನೆ ಇಷ್ಟು ಹೊತ್ತಿಗೆ ಆ ಮರದ ಮೇಲಿದ್ದ ಚಂದ್ರ ಇವತ್ತು ಯಾಕೆ ಇನ್ನೂ ಕಾಣುತ್ತಿಲ್ಲ ಅನ್ನುವುದು ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ, ನೋಡಿ ಬರೆದಿಡು ಅಂದೆ. ಹುಟ್ಟುವ ಸಮಯ, ಆಕಾರ, ದಿಕ್ಕು. ಕೆಲವು ದಿನ ಮೋಡ, ಕೆಲವು ದಿನ ನಿದ್ದೆ, ಪುಸ್ತಕದಲ್ಲಿ ಖಾಲಿ ಜಾಗ. ಆದರೂ ದಿನಕ್ಕೆ ಸುಮಾರು 50 ನಿಮಿಷ ತಡ ಅಂತ ಅವಳೇ ಲೆಕ್ಕ ಹಾಕಿದಳು. ಸರಾಸರಿ ಅನ್ನುವುದು ಅವಳಿಗೆ ಅರ್ಥವಾದದ್ದು ಇಲ್ಲೇ. ಒಂದು ದಿನ 40, ಇನ್ನೊಂದು ದಿನ 60 ಬಂದಾಗ ‘ಯಾವುದು ಸರಿ ಅಪ್ಪಾ?’ ಅಂತ ಕೇಳಿದಳು.

ಅಲ್ಲಿಂದ ಗುರುಗ್ರಹಕ್ಕೆ. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ನೋಡಿದ ನಾಲ್ಕು ಉಪಗ್ರಹಗಳು ಸಾಧಾರಣ ಬೈನಾಕ್ಯುಲರ್‌ನಲ್ಲೂ ಕಾಣುತ್ತವೆ, ಅಲುಗಾಡದ ಹಾಗೆ ಆನಿಸಿ ಹಿಡಿಯಬೇಕು ಅಷ್ಟೇ. ಅವಳು ದಿನಾ ರಾತ್ರಿ ಒಂದು ಗೆರೆ ಎಳೆದು, ನಡುವೆ ದೊಡ್ಡ ಚುಕ್ಕಿ, ಅಕ್ಕಪಕ್ಕ ಕಂಡಷ್ಟು ಸಣ್ಣ ಚುಕ್ಕಿ ಹಾಕುತ್ತಿದ್ದಳು. ಒಮ್ಮೆ ನಾಲ್ಕು, ಒಮ್ಮೆ ಮೂರು, ಒಮ್ಮೆ ಎರಡೇ. ಒಂದು ಚುಕ್ಕಿ ವಾರಕ್ಕೊಮ್ಮೆ ಅದೇ ಜಾಗಕ್ಕೆ ಬರುವ ಹಾಗಿದೆ ಅಂದಳು. ಆ ನಾಲ್ಕರಲ್ಲಿ ಒಂದಾದ ಗ್ಯಾನಿಮೀಡ್ ಒಂದು ಸುತ್ತಿಗೆ ತೆಗೆದುಕೊಳ್ಳುವುದು 7 ದಿನಕ್ಕಿಂತ ತುಸು ಹೆಚ್ಚು. ಇದನ್ನು ಪುಸ್ತಕದಲ್ಲಿ ಓದಿದಾಗ ಅವಳು ಮನೆಯೆಲ್ಲ ಓಡಾಡಿದಳು. ಬೆಳಿಗ್ಗೆ ಆರಕ್ಕೆ ಏಳಲೇಬೇಕು ಅಂತಿದ್ದರೆ ನಾನೇ ಇದಕ್ಕೆಲ್ಲ ಬಿಡುತ್ತಿರಲಿಲ್ಲ. ಸಾಕು ಮಲಗು ಅಂತಿದ್ದೆ.

ನಿದ್ದೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿತು. ಅಲ್ಲಿನ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಹದಿಹರೆಯದವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂದಿತ್ತು. ನಮ್ಮ ಮನೆಯಲ್ಲಿ ಈಗ ಯಾರನ್ನೂ ಎಬ್ಬಿಸುವುದಿಲ್ಲ. ಬೆಳಗಿನ ಕೂಗಾಟ ನಿಂತಿದೆ. ಹೋಮ್‌ಸ್ಕೂಲಿಂಗ್‌ನಿಂದ ಬೇರೇನೂ ಸಿಗದೆ ಇದೊಂದೇ ಸಿಕ್ಕಿದ್ದರೂ ನನ್ನ ಹೆಂಡತಿ ಒಪ್ಪಿಕೊಳ್ಳುತ್ತಿದ್ದಳೇನೋ.

ಮಗನ ಕಥೆಯೇ ಬೇರೆ. ಅವನಿಗೆ ಕೂತು ಓದುವುದೆಂದರೆ ಆಗದು. ಆರು ವರ್ಷವಾದರೂ ಅಕ್ಷರ ಕೂಡಿಸಿ ಓದುತ್ತಿರಲಿಲ್ಲ. ಒತ್ತಕ್ಷರ ಬಂದರೆ ಎದ್ದು ಹೋಗುತ್ತಿದ್ದ. ನೆಂಟರು ಬಂದಾಗ ಅವನ ಕೈಗೆ ಪುಸ್ತಕ ಕೊಟ್ಟು ‘ಓದು ನೋಡೋಣ’ ಅನ್ನುವುದು, ನಾವು ಮಾತು ತಿರುಗಿಸುವುದು, ಇದೊಂದು ನಾಟಕ. ಕಣ್ಣು ಕಿವಿ ಪರೀಕ್ಷೆ ಮಾಡಿಸಿದೆವು. ಕಲಿಕೆಯ ತೊಂದರೆ ಏನಾದರೂ ಇದೆಯಾ ಅಂತಲೂ ತಜ್ಞರಿಗೆ ತೋರಿಸಿದೆವು. ಇದನ್ನು ಮಾತ್ರ ಯಾರೂ ಬಿಡಬಾರದು. ‘ತಾನಾಗೇ ಕಲೀತಾನೆ’ ಅಂತ ಕೂತರೆ ಡಿಸ್ಲೆಕ್ಸಿಯಾದಂಥ (ಓದಲು, ಬರೆಯಲು ಕಷ್ಟವಾಗುವ) ತೊಂದರೆ ವರ್ಷಗಟ್ಟಲೆ ಮುಚ್ಚಿಹೋಗಬಹುದು. ಅವನಿಗೆ ಅಂಥದ್ದೇನೂ ಇರಲಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ 7ನೇ ವರ್ಷದಲ್ಲಿ, ನಾವೂ ಕಾಯೋಣ ಅಂದುಕೊಂಡೆವು. ದಿನಾ ರಾತ್ರಿ ಓದಿ ಹೇಳುವುದನ್ನು ಬಿಡಲಿಲ್ಲ. ಒಂದು ಸಲ ಕಥೆ ರೋಚಕವಾಗಿರುವಾಗ ಅಕ್ಕ ಪುಸ್ತಕ ಮುಚ್ಚಿ ‘ನಾಳೆ’ ಅಂದಳು. ಇವನಿಗೆ ತಡೆಯಲಾಗಲಿಲ್ಲ. ಮರುದಿನ ನೋಡಿದರೆ ಬೆರಳಿಟ್ಟುಕೊಂಡು ಒಂದೊಂದೇ ಪದ ಒಡೆದು ಓದುತ್ತಾ ಕೂತಿದ್ದ. ಕೆಲವೇ ತಿಂಗಳಲ್ಲಿ ಓದು ಸಲೀಸಾಯಿತು. ಶಾಲೆಯಲ್ಲಿದ್ದಿದ್ದರೆ ಅಷ್ಟರೊಳಗೆ ‘ಹಿಂದುಳಿದವನು’ ಅಂತ ಹಣೆಪಟ್ಟಿ ಬಿದ್ದಿರುತ್ತಿತ್ತು, ಅವನೂ ಅದನ್ನು ನಂಬಿರುತ್ತಿದ್ದ.

ಅಮೆರಿಕದ ಜಾನ್ ಹೋಲ್ಟ್ ಅನ್ನುವವರು ಶಾಲಾ ಶಿಕ್ಷಕರಾಗಿದ್ದು, ಮಕ್ಕಳನ್ನು ಗಮನಿಸಿ ಗಮನಿಸಿ, ಕೊನೆಗೆ ಶಾಲೆಯ ಹೊರಗೇ ಕಲಿಯಲಿ ಅಂತ 1977ರಲ್ಲಿ ಪೋಷಕರಿಗಾಗಿ ಪತ್ರಿಕೆ ಶುರು ಮಾಡಿದವರು. ಅನ್‌ಸ್ಕೂಲಿಂಗ್ ಅನ್ನುವ ಮಾತು ಅವರಿಂದಲೇ ಬಂತು. ಪಠ್ಯಕ್ರಮವೇ ಬೇಡ, ಮಗುವಿನ ಆಸಕ್ತಿಯೇ ದಾರಿ ತೋರಿಸಲಿ ಅನ್ನುವುದು ಅವರ ವಾದ. ಮಗನ ವಿಷಯದಲ್ಲಿ ನಾವು ಅದಕ್ಕೆ ಹತ್ತಿರ. ಮಗಳಿಗೆ ಪಟ್ಟಿ ಬೇಕು, ಪುಸ್ತಕ ಬೇಕು, ಮುಗಿಸಿದ್ದಕ್ಕೆ ಗುರುತು ಹಾಕಬೇಕು. ಒಂದೇ ಮನೆಯಲ್ಲಿ ಎರಡು ಪದ್ಧತಿ ನಡೆಯುತ್ತಿದೆ. ಯಾವುದೋ ಒಂದು ವಿಧಾನಕ್ಕೆ ಗಂಟು ಬೀಳಬೇಕು ಅಂತೇನಿಲ್ಲ.

ಕುಟುಂಬಕ್ಕೆ ಏನು ಲಾಭ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಉದಾಹರಣೆ ಅಮ್ಮನ ಮಂಡಿ. ಮಂಡಿ ಬದಲಾಯಿಸುವ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಕಾಲು ಎಷ್ಟು ಮಡಚುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಮೊದಲು 90 ಡಿಗ್ರಿ ಬರಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದರು. ಮಗಳಿಗೆ ಆಗ ತಾನೇ ಕೋನಮಾಪಕ ಪರಿಚಯವಾಗಿತ್ತು. ಎರಡು ರಟ್ಟಿನ ಪಟ್ಟಿಗೆ ಪಿನ್ನು ಚುಚ್ಚಿ ತಾನೇ ಒಂದು ಅಳತೆಗೋಲು ಮಾಡಿ, ವ್ಯಾಯಾಮ ಆದ ಮೇಲೆ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದಳು. ಮಗ ಮಾತ್ರೆಯ ಉಸ್ತುವಾರಿ. ಗೆರೆ ಎರಡು ಮೂರು ದಿನ ಮೇಲೇಳದಿದ್ದರೆ ‘ಅಜ್ಜಿ, ನೀವು ನಿನ್ನೆ ಮೋಸ ಮಾಡಿದ್ರಿ’ ಅಂತ ವಿಚಾರಣೆ. ಅಮ್ಮ ಬೈದುಕೊಂಡೇ ಮಡಚುತ್ತಿದ್ದರು. ‘ಮಗು ಸುಮ್ನೆ ಕೂತಿದೆ’ ಅಂತಿದ್ದವರು ಈಗ ನೆಂಟರ ಮುಂದೆ ನಮಗಿಂತ ಜೋರಾಗಿ ವಾದ ಮಾಡುತ್ತಾರೆ. ಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಸುಸ್ತಾಗಿ ಬರುವ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಇಷ್ಟು ಹೊತ್ತು ಒಟ್ಟಿಗೆ ಸಿಗುತ್ತಿತ್ತಾ?

ಅಕ್ಕ ತಮ್ಮನ ನಡುವೆಯೂ ಹಾಗೆಯೇ. ಅವನಿಗೆ ಗಡಿಯಾರ ನೋಡಲು ಕಲಿಸಿದ್ದು ಅವಳು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ, ಮಕ್ಕಳಿಗೆ ಕಂಪ್ಯೂಟರ್ ಪ್ರೋಗ್ರಾಂ ಮಾಡಲು ಕಲಿಸುವ ಸ್ಕ್ರಾಚ್‌ನಲ್ಲಿ ಇಬ್ಬರೂ ಸೇರಿ ಗೇಮ್ ಮಾಡುತ್ತಾರೆ. ಅವಳು ಕೋಡ್ ಬ್ಲಾಕ್ ಜೋಡಿಸುತ್ತಾಳೆ, ಅವನು ರಾಕ್ಷಸರನ್ನು ಬಿಡಿಸುತ್ತಾನೆ. ಜಗಳ ಇಲ್ಲ ಅಂತ ಹೇಳಲಾರೆ. ದಿನಪೂರ್ತಿ ಒಟ್ಟಿಗಿದ್ದರೆ ಜಗಳವೂ ದಿನಪೂರ್ತಿ.

ಈಗ ಕಷ್ಟದ ಮಾತು. ಇಬ್ಬರ ಸಂಬಳದ ಮನೆ ಒಂದೂವರೆ ಸಂಬಳಕ್ಕೆ ಇಳಿಯಿತು. ನಾನು ಅರೆಕಾಲಿಕ ಕೆಲಸಕ್ಕೆ ಬದಲಾದೆ. ಅದು ಸಾಧ್ಯವಾದದ್ದೇ ನಮ್ಮ ಅದೃಷ್ಟ, ಎಲ್ಲರಿಗೂ ಆಗುವುದಿಲ್ಲ. ಎರಡನೆಯದು ಸುಸ್ತು. ಮಕ್ಕಳ ಜೊತೆ ಸದಾ ಇರುವುದು ಚಂದ ಅಂತ ಹೇಳುವವರು ಬಹುಶಃ ವಾರಾಂತ್ಯದಲ್ಲಿ ಮಾತ್ರ ಇರುತ್ತಾರೆ. ಮೂರನೆಯದು, ಅಪ್ಪನೇ ಮೇಷ್ಟ್ರಾದಾಗ ಆಗುವ ತಿಕ್ಕಾಟ. ಬೀಜಗಣಿತಕ್ಕೆ ಬರುವ ಹೊತ್ತಿಗೆ ಮಗಳಿಗೆ ನನ್ನ ಮುಂದೆ ತಪ್ಪು ಮಾಡಲು ಸಂಕೋಚ, ನನಗೆ ಒಂದೇ ಮಾತು ಮೂರು ಸಲ ಹೇಳಲು ತಾಳ್ಮೆ ಇಲ್ಲ. ಹೆಂಡತಿ ಆ ವಿಷಯವನ್ನು ತಾನು ತೆಗೆದುಕೊಂಡಳು. ಇಂಟರ್ನೆಟ್ಟಿನ ಪಾಠತಾಣ ಖಾನ್ ಅಕಾಡೆಮಿಯ ವಿಡಿಯೋ ಮೊದಲು, ಆಮೇಲೆ ಅಮ್ಮನ ಜೊತೆ ಲೆಕ್ಕ. ವಿಡಿಯೋ ಸಿಟ್ಟಾಗುವುದಿಲ್ಲ, ಹತ್ತು ಸಲ ಹಿಂದಕ್ಕೆ ಓಡಿಸಬಹುದು.

ಗೆಳೆಯರ ವಿಷಯ ನಾವು ಅಂದುಕೊಂಡದ್ದಕ್ಕಿಂತ ಕಷ್ಟವೂ ಹೌದು, ಸುಲಭವೂ ಹೌದು. ಮೊದಲ ವರ್ಷ ಮಗಳಿಗೆ ಒಂಟಿತನ ಕಾಡಿತು. ಹಳೆಯ ಗೆಳತಿಯರು ಶಾಲೆಯ ಸುದ್ದಿ ಮಾತಾಡುವಾಗ ಅವಳಿಗೆ ಸೇರಲು ಜಾಗ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಗೆಳೆತನ ಪುಕ್ಕಟೆ ಬರುತ್ತದೆ, ಮನೆಯಲ್ಲಿ ಅದಕ್ಕೆ ಏರ್ಪಾಡು ಮಾಡಬೇಕು. ಹೋಮ್‌ಸ್ಕೂಲಿಂಗ್ ಮಾಡುವ ಇತರ ಕುಟುಂಬಗಳ ಜೊತೆ ವಾರಕ್ಕೊಮ್ಮೆ ಸೇರುವುದು, ಈಜು, ನಾಟಕದ ತಂಡ, ಗ್ರಂಥಾಲಯ. ಇದಕ್ಕೆಲ್ಲ ಓಡಾಟ ಜಾಸ್ತಿ. ಆದರೆ ನಾಟಕದ ತಂಡದಲ್ಲಿ ಎಂಟು ವರ್ಷದವರೂ ಇದ್ದಾರೆ, ಕೆಲಸದಿಂದ ನಿವೃತ್ತರಾದವರೂ ಇದ್ದಾರೆ. ಹೊರಗೆ ಹೋದರೆ ಬರೀ ಓರಗೆಯವರ ಜೊತೆ ಇರುವ ಅಭ್ಯಾಸ ತಪ್ಪಿದ್ದು ನನಗೆ ಇಷ್ಟವಾದ ಸಂಗತಿ. ದೊಡ್ಡವರ ಕಣ್ಣು ನೋಡಿ ಮಾತಾಡುತ್ತಾಳೆ, ಸಣ್ಣವರಿಗೆ ಹೊಂದಿಕೊಳ್ಳುತ್ತಾಳೆ.

ಲಾಭಗಳ ಪಟ್ಟಿ ಕೊಡುವವರು ಅಂಕಿಅಂಶ ಹಿಡಿದು ಬರುತ್ತಾರೆ, ಅಲ್ಲಿ ಸ್ವಲ್ಪ ಹುಷಾರು. 1999ರಲ್ಲಿ ಅಮೆರಿಕದಲ್ಲಿ ಮನೆಯಲ್ಲಿ ಕಲಿತ 20,000ಕ್ಕೂ ಹೆಚ್ಚು ಮಕ್ಕಳ ಅಂಕಗಳ ಅಧ್ಯಯನವೊಂದು ಬಂತು. ಅಂಕಗಳು ಭರ್ಜರಿ. ಆದರೆ ಅವರೆಲ್ಲ ತಾವಾಗಿಯೇ ಪರೀಕ್ಷೆ ತೆಗೆದುಕೊಂಡವರು. ಹೋಮ್‌ಸ್ಕೂಲಿಂಗ್ ಶಾಲೆಗಿಂತ ಮೇಲು ಅಂತ ಇದರಿಂದ ಸಾಬೀತಾಗುವುದಿಲ್ಲ ಅಂತ ಅಧ್ಯಯನ ಮಾಡಿದವರೇ ಬರೆದರು. ಆ ಸಾಲನ್ನು ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ. ಎಡಿಸನ್‌ನ ಅಮ್ಮನ ಕಥೆಯೂ ಇದೇ ಸಾಲಿನದು. ಅವರು ಮಗನಿಗೆ ಮನೆಯಲ್ಲಿ ಕಲಿಸಿದ್ದು ನಿಜ. ಹಾಗಂತ ನಮ್ಮ ಮನೆಯಲ್ಲಿ ಎಡಿಸನ್ ಹುಟ್ಟುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಫೋನಿನ ಮುಂದೆ ಕೂತು ಹಾಜರಿ ಹೇಳಿದ್ದನ್ನೂ ಜನ ಹೋಮ್‌ಸ್ಕೂಲಿಂಗ್ ಅಂದರು. ಅದು ಶಾಲೆಯೇ, ಗೋಡೆ ಮಾತ್ರ ಇರಲಿಲ್ಲ.

ಸರ್ಕಾರ ಬಂದು ನೋಡಬಾರದು ಅನ್ನುವ ಕೆಲವು ಹೋಮ್‌ಸ್ಕೂಲಿಂಗ್ ಪೋಷಕರ ವಾದ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಮಗುವನ್ನು ಎಷ್ಟೋ ಸಲ ಮೊದಲು ಗುರುತಿಸುವವರು ಟೀಚರ್. ಆ ಕಣ್ಣು ತಪ್ಪಿದರೆ ಬೇರೆ ಕಣ್ಣು ಇರಲೇಬೇಕು. ನಾವು ದಾಖಲೆ ಇಡುವುದು ಇದಕ್ಕೂ ಸೇರಿಯೇ. ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಅಂದು ಏನು ಕಲಿತರು, ಏನು ಓದಿದರು ಅಂತ ಎರಡು ಸಾಲು. ಚಿತ್ರ, ಗ್ರಾಫ್, ಬರೆದ ಹಾಳೆಗಳ ಫೋಟೋ. ಯಾರಾದರೂ ಕೇಳಿದರೆ ತೋರಿಸಬಹುದು. ಮತ್ತೆ ಶಾಲೆಗೆ ಸೇರಿಸುವಾಗಲೂ ಇದು ಕೆಲಸಕ್ಕೆ ಬರುತ್ತದೆ.

ಸೇರಿಸುವ ಮಾತು ಈಗ ಮನೆಯಲ್ಲಿ ನಡೆದಿದೆ. ಮಗಳಿಗೆ ಪ್ರಯೋಗಾಲಯ ಬೇಕು. ಅಡುಗೆಮನೆಯ ರಸಾಯನಶಾಸ್ತ್ರ ಮುಗಿದಿದೆ, ಆಮ್ಲದ ಬಾಟಲಿ ಮನೆಯಲ್ಲಿ ಇಡಲು ನನಗೆ ಧೈರ್ಯ ಇಲ್ಲ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರುವುದು ಒಂದು ದಾರಿ. ಆಗ ಪ್ರಾಯೋಗಿಕ ತರಗತಿಗೆ ಜಾಗ ನಾವೇ ಹುಡುಕಬೇಕು. ಇನ್ನೆರಡು ವರ್ಷಕ್ಕೆ ಶಾಲೆಗೇ ಸೇರುವುದು ಇನ್ನೊಂದು ದಾರಿ. ಅವಳು ಎರಡೂ ಕಡೆಯ ವಿಷಯಪಟ್ಟಿ ತಂದು ಹೋಲಿಸಿ ನೋಡುತ್ತಿದ್ದಾಳೆ. ಶಾಲೆಗೆ ಹೋಗುವುದಾದರೆ ತನ್ನದೊಂದು ಷರತ್ತಿದೆ ಅಂತಲೂ ಹೇಳಿದ್ದಾಳೆ: ‘ಅರ್ಥ ಆಗದಿದ್ರೆ ಕೈ ಎತ್ತಿ ಕೇಳ್ತೀನಿ. ಟೀಚರ್‌ಗೆ ಬೇಜಾರಾದ್ರೆ ನೀವು ಬಂದು ಮಾತಾಡ್ಬೇಕು.’

ನಾನು ಒಪ್ಪಿದ್ದೇನೆ. ಅವಳ ಅಮ್ಮ ಮಾತ್ರ, ಬೇಜಾರು ಮಾಡಿಕೊಳ್ಳದ ಟೀಚರ್ ಇರುವ ಶಾಲೆಯನ್ನೇ ಮೊದಲು ಹುಡುಕೋಣ ಅನ್ನುತ್ತಿದ್ದಾಳೆ.